ಗಡಿ ದಾಟಿದ ಎಮ್ಮೆ

ಎರಡು ರಾಜ್ಯಗಳ ನಡುವೆ ಒಂದು ಹಳ್ಳ. ಸಣ್ಣೀರಮ್ಮನ ಎಮ್ಮೆ ದಿನಾ ಅದನ್ನು ದಾಟಿ ಆಚೆ ಮೇಯ್ದು ಬರುತ್ತಿತ್ತು. ಹುಲ್ಲಿದ್ದದ್ದೇ ಅಲ್ಲಿ, ಅದಾದರೂ ಏನು ಮಾಡೀತು?

ಒಂದು ದಿನ ಈಚೆ ರಾಜ್ಯದ ದಂಡನಾಯಕರು ಮೀಸೆ ತಿರುವುತ್ತಾ ಬಂದರು. "ಎರಡೂ ರಾಜ್ಯದವರು ಕೂತು ತೀರ್ಮಾನಿಸಿದ್ದೇವೆ. ಈ ಎಮ್ಮೆ ಗಡಿಯ ಭದ್ರತೆಗೆ ಅಪಾಯ. ಇನ್ನೊಮ್ಮೆ ದಾಟಿದರೆ ನಿನಗೆ ಸೆರೆಮನೆ!"

ಸಣ್ಣೀರಮ್ಮನಿಗೆ ವಾದ ಮಾಡುವಷ್ಟು ತ್ರಾಣವಿರಲಿಲ್ಲ. ಎಮ್ಮೆಯ ಹಗ್ಗ ತಂದು ಅವರ ಕೈಗಿಟ್ಟಳು. "ಅಷ್ಟು ದೊಡ್ಡ ಅಪಾಯಾನ ನನ್ನಂಥ ಮುದುಕಿ ಕೊಟ್ಟಿಗೇಲಿ ಕಟ್ಟಿಕೊಳ್ಳೋದು ತಪ್ಪಲ್ವಾ ಬುದ್ಧಿ? ನೀವೇ ಕಾಯಿರಿ."

ಇಲ್ಲವೆನ್ನುವಂತಿಲ್ಲ, ಮಾತು ಅವರದೇ. ಸೈನಿಕರು ಹಳ್ಳದ ದಂಡೆಯ ಠಾಣೆಯಲ್ಲಿ ಎಮ್ಮೆ ಕಟ್ಟಿ ಹುಲ್ಲು ಹೊತ್ತರು, ಸಗಣಿ ಬಾಚಿದರು. ಹಾಲು ಕರೆಯಲು ಕೂತವರನ್ನೆಲ್ಲ ಎಮ್ಮೆ ಒದ್ದಿತು. ಕೆಚ್ಚಲು ಬಿಗಿದು ಊರಿಗೆಲ್ಲ ಕೇಳುವಂತೆ ಅರಚಿತು.

"ನನ್ನ ಸೀರೆ ಕಂಡರೇನೇ ಅದು ಹಾಲು ಬಿಡೋದು" ಎಂದು ಸಣ್ಣೀರಮ್ಮ ಹಳೇ ಸೀರೆಯೊಂದನ್ನು ಕೊಟ್ಟು, ಜಗಲಿಯ ಮೇಲೆ ಕಾಲು ಚಾಚಿದಳು.

ದಂಡನಾಯಕರೇ ಅದನ್ನುಟ್ಟು, ತಲೆಗೆ ಸೆರಗು ಹೊದ್ದು ಕೂತರು. ಹಳ್ಳದಾಚೆಯ ಕಾವಲುಗಾರ ನೋಡಿ ಕೂಗಿಯೇಬಿಟ್ಟ: "ವೇಷ ಹಾಕಿದ ಗೂಢಚಾರ!" ಆಚೆ ಕಹಳೆ ಮೊಳಗಿತು, ಬಿಲ್ಲುಗಳು ಮೇಲೆದ್ದವು.

ದಂಡನಾಯಕರು ನೆರಿಗೆ ಎತ್ತಿಕೊಂಡು ಓಡಿಬಂದರು. "ತಾಯೀ, ನಾನು ಗೂಢಚಾರ ಅಲ್ಲ, ಹಾಲು ಕರೀತಿದ್ದೆ, ಇದು ಬರೀ ಎಮ್ಮೆ ಅಂತ ಅವರಿಗೆ ಹೇಳು!"

ಸಣ್ಣೀರಮ್ಮ ನಿಟ್ಟುಸಿರಿಟ್ಟಳು. "ನಾನು ಹೇಳಿದರೆ ಯಾರು ಕೇಳ್ತಾರೆ ಬುದ್ಧಿ? ಎಲ್ಲರೂ ಕೂತು ಅಪಾಯ ಅಂದಿರಿ, ಮತ್ತೆ ಎಲ್ಲರೂ ಕೂತು ಎಮ್ಮೆ ಅನ್ನಿ. ಅಲ್ಲೀವರೆಗೆ ಸೀರೆ ಬಿಚ್ಚಬೇಡಿ, ಬೆಳಿಗ್ಗೆ ಮತ್ತೆ ಹಾಲು ಕರೀಬೇಕು."