ಗಾಜಿನ ಬೀರುವಿನ ಚೆಂಡು

ಕಾಲೇಜಿನ ಫುಟ್‌ಬಾಲ್ ತಂಡ ಆ ವರ್ಷದ ಮೊದಲ ಪಂದ್ಯ ಗೆದ್ದಿತು. ನಾಯಕ ಮಾಚಯ್ಯ ಆ ಪಂದ್ಯದಲ್ಲಿ ಆಡಿದ ಹೊಸ ಚೆಂಡನ್ನು ಅದೃಷ್ಟದ ಚೆಂಡೆಂದು ಕರೆದು, ಅದಕ್ಕೆ ಕುಂಕುಮ ಹಚ್ಚಿ, ಫೈನಲ್‌ಗೆ ಬೇಕೆಂದು ಗಾಜಿನ ಬೀರುವಿನಲ್ಲಿಟ್ಟ. ಉಳಿದ ಪಂದ್ಯಗಳನ್ನೆಲ್ಲ ಅಭ್ಯಾಸದ ಹಳೆಯ ಚೆಂಡಿನಲ್ಲೇ ಆಡಿದರು.

"ನಿನಗೆ ದಿನವೂ ಒದೆ, ನನಗೆ ದಿನವೂ ಹೂವು," ಎಂದು ಬೀರುವಿನ ಚೆಂಡು ಹಂಗಿಸಿತು.

"ನಮ್ಮನ್ನು ಹೊಲಿದದ್ದೇ ಒದೆ ತಿನ್ನಲಿಕ್ಕೆ, ಸ್ವಾಮಿ," ಎಂದಿತು ಹಳೆಯದು.

ಫೈನಲ್ ದಿನ ಅದೃಷ್ಟದ ಚೆಂಡಿಗೆ ಗಾಳಿ ಹೊಡೆದರು. ಒಣಗಿದ್ದ ಹೊಲಿಗೆ ಬಿರಿದು ಅದು ಚಪ್ಪಟೆಯಾಯಿತು. ಬೇರೆ ದಾರಿಯಿಲ್ಲದೆ ಹಳೆಯದರಲ್ಲೇ ಆಡಿ ಗೆದ್ದರು.

ಹಳೆಯ ಚೆಂಡು ಮೈದಾನದಲ್ಲಿ ಹಾಯಾಗಿ ಬಿದ್ದುಕೊಂಡಿತ್ತು. ಅಷ್ಟರಲ್ಲಿ ಮಾಚಯ್ಯ ಬಂದ. ಅವನ ಒಂದು ಕೈಯಲ್ಲಿ ಕುಂಕುಮ, ಇನ್ನೊಂದರಲ್ಲಿ ಬೀರುವಿನ ಬೀಗದ ಕೈ.

"ದಮ್ಮಯ್ಯ, ಒದ್ದುಬಿಡಪ್ಪಾ!" ಎಂದಿತು ಚೆಂಡು.