ಸಾಹೇಬರ ಬೆಲ್ಟು

ನೀರಾವರಿ ಕಚೇರಿಯ ಕಂಪ್ಯೂಟರಿನ ಪ್ರೊಸೆಸರ್ ಕಾದು ಕಾದು ಆಫ್ ಆಗುತ್ತಿತ್ತು. ಅದನ್ನು ತಂಪಾಗಿಡಲು ತರಿಸಿದ ಹೊಸ ಫ್ಯಾನು ಒಳಗಿನ ಬೋರ್ಡಿನ ತೂತುಗಳಿಗೆ ತಾಳೆಯಾಗಲೇ ಇಲ್ಲ. ಅಷ್ಟರಲ್ಲಿ ಮಂತ್ರಿಗಳ ವಿಡಿಯೊ ಸಭೆಯ ಹೊತ್ತಾಯಿತು.

"ಏನಾದರೂ ಮಾಡಿ ಕೂರಿಸ್ರೀ! ಇಲ್ಲದಿದ್ದರೆ ನಿಮ್ಮನ್ನ ಎತ್ತಂಗಡಿ ಮಾಡಿಸ್ತೀನಿ!" ಎಂದು ಸಾಹೇಬ ನಂಜರಾಜಯ್ಯ ಗುಡುಗಿದರು.

"ಏನು ಬೇಕಾದರೂ ಮಾಡಬಹುದಾ ಸಾರ್?" ಗುಮಾಸ್ತೆ ಕಮಲಾಕ್ಷಿ ಕೇಳಿದಳು.

"ಮಾಡ್ರೀ!"

"ಹಾಗಾದರೆ ನಿಮ್ಮ ಬೆಲ್ಟ್ ಬಿಚ್ಚಿ ಕೊಡಿ."

ಬೆಲ್ಟನ್ನು ಬೋರ್ಡಿನ ಹಿಂದಿನಿಂದ ಸುತ್ತಿ ಫ್ಯಾನನ್ನು ಬಿಗಿದಳು. ಕಂಪ್ಯೂಟರ್ ತಣ್ಣಗೆ ಓಡಿತು. ಪರದೆಯ ಮೇಲೆ ಮಂತ್ರಿಗಳು ಬಂದರು. ಸಾಹೇಬರು ಧಡಕ್ಕನೆ ಎದ್ದು, ಜಾರುವ ಪ್ಯಾಂಟನ್ನು ಎಡಗೈಯಲ್ಲಿ ಹಿಡಿದು, ಬಲಗೈಯನ್ನಷ್ಟೇ ಎದೆಗೆ ತಂದರು.

"ಏನ್ರೀ ಇದು, ಒಂದೇ ಕೈಯಲ್ಲಿ ನಮಸ್ಕಾರ?" ಮಂತ್ರಿಗಳು ಕೇಳಿದರು.

ಸಾಹೇಬರು ಪ್ಯಾಂಟನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡರು. ಹಿಂದಿನಿಂದ ಕಮಲಾಕ್ಷಿಯೇ ಹೇಳಿದಳು: "ಇನ್ನೊಂದು ಕೈಯಲ್ಲಿ ಇಲಾಖೆಯ ಮಾನ ಹಿಡಿದುಕೊಂಡಿದ್ದಾರೆ ಸಾರ್!"