ವಾಡೆಯ ದೃಷ್ಟಿಬೊಂಬೆ

ದೇಸಾಯರ ವಾಡೆ ಖಾಲಿಯಾಗಿ ಎಷ್ಟೋ ಕಾಲವಾಗಿತ್ತು. ಆದರೂ ಹೆಬ್ಬಾಗಿಲಿಗೆ ಕಟ್ಟಿದ್ದ ದೃಷ್ಟಿಬೊಂಬೆ ಕೋರೆಹಲ್ಲು ತೋರಿಸಿಕೊಂಡು ಕಾವಲು ಕಾಯುತ್ತಲೇ ಇತ್ತು. ಯಾರಾದರೂ ಮೆಟ್ಟಿಲೇರಿದರೆ ಚೌಕಟ್ಟಿಗೆ ತಲೆ ಬಡಿದು ಸದ್ದು ಮಾಡುತ್ತಿತ್ತು. ಬಂದವರು ದೆವ್ವವೆಂದು ಓಡುತ್ತಿದ್ದರು.

"ಒಂದು ಕೆಟ್ಟ ಕಣ್ಣೂ ಒಳಗೆ ಹೋಗಿಲ್ಲ," ಎಂದು ಬೊಂಬೆ ತೊಲೆಗೆ ಜೋತುಬಿದ್ದ ಬಾವಲಿಗೆ ಹೇಳಿತು.

"ಒಳ್ಳೆಯ ಕಣ್ಣು?" ಎಂದಿತು ಬಾವಲಿ.

"ಅದನ್ನು ನೋಡುವುದು ನನ್ನ ಕೆಲಸವಲ್ಲ."

ಒಂದು ಸಂಜೆ ದೇಸಾಯರ ಮೊಮ್ಮಗಳು ವೇಣುಬಾಯಿ ಒಬ್ಬಳೇ ಬಂದು ಮೆಟ್ಟಿಲೇರಿದಳು. ಬೊಂಬೆ ಎಂದಿನಂತೆ ತಲೆ ಬಡಿಯಿತು. ಅವಳು ಕೈಮುಗಿದಳು.

"ಯಾರದೀರೋ ಗೊತ್ತಿಲ್ರಿ. ಇಲ್ಲೇ ಇರಬೇಕಂತ ಬಂದಿದ್ದೆ. ಬ್ಯಾಡಂದ್ರ ಹೋಗ್ತೀನ್ರಿ," ಎಂದು ಮೆಟ್ಟಿಲಿಳಿದಳು.

"ಅವಳ ಕೈಯಲ್ಲಿ ದೀಪವಿದೆ, ಕಂಕುಳಲ್ಲಿ ಕಸಬರಿಗೆಯಿದೆ," ಎಂದಿತು ಬಾವಲಿ. "ಕೇಡು ಬಯಸುವವರು ಕಸ ಗುಡಿಸಲು ಬರುವುದಿಲ್ಲ."

ಬೊಂಬೆ ಅಂಗಳದತ್ತ ನೋಡಿತು. ವೇಣುಬಾಯಿ ಇನ್ನೂ ಅಂಗಳ ದಾಟಿರಲಿಲ್ಲ. ಅವಳನ್ನು ಹೇಗಾದರೂ ಕರೆಯಬೇಕಿತ್ತು. ಆದರೆ ಅದಕ್ಕೆ ಗೊತ್ತಿದ್ದುದು ಒಂದೇ ಸದ್ದು. ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಬೊಂಬೆ ಚೌಕಟ್ಟಿಗೆ ತಲೆ ಬಡಿದುಕೊಂಡಿತು.

ವೇಣುಬಾಯಿ ದೀಪವನ್ನೂ ಕಸಬರಿಗೆಯನ್ನೂ ಅಲ್ಲೇ ಬಿಟ್ಟು ಓಡಿದಳು.